ಆ ಮನೆಗೆ ಮಾತ್ರ ಹನಿ ಬೇಡ

ನಾನು ಊರಿಗೆ ಕಾಲಿಟ್ಟರೆ ಸಾಕು, ಹೆಂಗಸರು ಕೂಸುಗಳನ್ನು ಕಂಕುಳಿಗೆ ಹಾಕಿಕೊಂಡು ಜೋಳದ ಹೊಲಕ್ಕೆ ನುಗ್ಗುತ್ತಿದ್ದರು. ಅಂಥ ಕಾಲದಲ್ಲಿ ನಾನು ಕೆಲಸಕ್ಕೆ ಸೇರಿದ್ದು. ಆರ್ಡರಿನಲ್ಲಿ ಕಿರಿಯ ಆರೋಗ್ಯ ಸಹಾಯಕಿ ಅಂತ ಇತ್ತು. ಊರವರ ಬಾಯಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೂ ನರ್ಸಮ್ಮ. ನಾನು ಯಳಂದೂರಿನವಳು, ಗದ್ದೆ, ಕೆರೆ ನೋಡಿ ಬೆಳೆದವಳು. ನನಗೆ ಸಿಕ್ಕಿದ ಉಪಕೇಂದ್ರ ಅಜ್ಜೀಪುರದಿಂದಾಚೆ ಕಾಡಂಚಿನ ಒಂದು ಊರಲ್ಲಿತ್ತು. ಆ ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಅವರ ಹೆಸರನ್ನೂ ಬದಲಾಯಿಸಿದ್ದೇನೆ.

ಆಗ ಗಾಜಿನ ಸಿರಿಂಜು. ಸೀಮೆಎಣ್ಣೆ ಸ್ಟೌ ಮೇಲೆ ಪಾತ್ರೆ ಇಟ್ಟು ಸೂಜಿ ಕುದಿಸಿ, ಆರಿಸಿ, ಮತ್ತೆ ಅದನ್ನೇ ಬಳಸಬೇಕು. ಲಸಿಕೆ ಕೊಳ್ಳೇಗಾಲದಿಂದ ಐಸ್ ಪೆಟ್ಟಿಗೆಯಲ್ಲಿ ಬಸ್ಸಿನಲ್ಲಿ ಬರುತ್ತಿತ್ತು. ಒಂದು ಸಲ ಬಸ್ಸು ಕೆಟ್ಟು ನಿಂತು, ನಾನು ಊರು ಸೇರುವಷ್ಟರಲ್ಲಿ ಐಸೆಲ್ಲ ನೀರಾಗಿತ್ತು. ಮೇಲ್ವಿಚಾರಕಿ ಸರೋಜಮ್ಮ ಮೇಡಂ ಪೆಟ್ಟಿಗೆಯೊಳಗೆ ಕೈ ಅದ್ದಿ ನೋಡಿ, ಎಲ್ಲ ಬಾಟಲಿಯನ್ನೂ ವಾಪಸ್ ಕಟ್ಟಿಸಿದರು. ಹೊಲಕ್ಕೆ ಓಡಿದ ಹೆಂಗಸರನ್ನು ಮಧ್ಯಾಹ್ನದವರೆಗೆ ಬೇಡಿ ಕರೆತಂದು ಸಾಲಾಗಿ ಕೂರಿಸಿದ್ದೆ. ಅವರನ್ನೆಲ್ಲ ಎಬ್ಬಿಸಿ ಕಳಿಸಬೇಕಾಯಿತು. ನಾನು ಅತ್ತೆ. ಮೇಡಂ ಹೇಳಿದ್ದು ಇಷ್ಟೇ: "ಇವತ್ತು ಅವರು ಬೈಕೊಂಡು ಹೋಗ್ತಾರೆ, ನಾಳೆ ಮತ್ತೆ ಬರ್ತಾರೆ. ಕೆಟ್ಟ ಔಷಧಿ ಕೊಟ್ಟರೆ ನಾಳೆ ಬರಕ್ಕೆ ನಮಗೆ ಮುಖ ಇರಲ್ಲ."

ಹಾಗೆ ಶುರುವಾದ ಕೆಲಸ ಇದು. "ಏನೂ ಆಗಲ್ಲ, ಹಾಕ್ಸಿ" ಎಂದು ಎಷ್ಟು ತಾಯಂದಿರಿಗೆ ಹೇಳಿದೆನೋ ಲೆಕ್ಕವಿಲ್ಲ. ಆ ಮಾತು ನಿಜವೂ ಆಗಿತ್ತು. ದಡಾರ ಬಂದು ಮನೆಗೊಂದು ಕೂಸು ಹೋಗುತ್ತಿದ್ದ ಊರಲ್ಲಿ, ನಾನು ಬಿಟ್ಟು ಬರುವ ಹೊತ್ತಿಗೆ ದಡಾರ ಹೇಗಿರುತ್ತದೆ ಎಂದು ಕಿರಿಯರಿಗೆ ಬಾಯಲ್ಲಿ ಹೇಳಬೇಕಾಗಿತ್ತು. ಜೋಳದ ಹೊಲಕ್ಕೆ ಓಡುತ್ತಿದ್ದವರ ಸೊಸೆಯರು "ನರ್ಸಮ್ಮ, ಈ ತಿಂಗಳ ಸೂಜಿ ಯಾವತ್ತು?" ಎಂದು ತಾವಾಗಿ ಫೋನು ಮಾಡುವಂತಾದರು. ಹಾಗಿರುವಾಗ, ಸರ್ವೀಸಿನ ಕೊನೆಯ ವರ್ಷಗಳಲ್ಲಿ, "ಈ ಮಗೂಗೆ ಹಾಕಬೇಡಿ" ಎಂದು ನಾನೇ ಅಡ್ಡ ನಿಲ್ಲಬೇಕಾದ ದಿನ ಬಂತು. ಹೊಸದಾಗಿ ಸೇರುವವರಿಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಅದೊಂದನ್ನೇ.

ಮಾದೇಶ ಅರಿಶಿನ, ಜೋಳ ಬೆಳೆಯುವ ಹುಡುಗ. ಅವನ ಹೆಂಡತಿ ರಾಜಿ, ಅವನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದಲ್ಲ. ಹಾಗಾಗಿ ಮಾದೇಶನ ತಾಯಿ ದೊಡ್ಡತಾಯಮ್ಮ ರಾಜಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಮದುವೆಯಾದ ವರ್ಷವೇ ಗಂಡು ಮಗು ಹುಟ್ಟಿತು. ಕೊಳ್ಳೇಗಾಲದಲ್ಲಿ ಹೆರಿಗೆ. ಎಲ್ಲ ಮಕ್ಕಳಿಗೂ ಹಾಕುವಂತೆ ಅಲ್ಲೇ ಎಡತೋಳಿಗೆ ಕ್ಷಯ ತಡೆಯುವ ಬಿಸಿಜಿ ಹಾಕಿ, ಪೋಲಿಯೋ ಹನಿ ಕೊಟ್ಟು ಕಳಿಸಿದ್ದರು. ಒಂದೂವರೆ ತಿಂಗಳ ಸೂಜಿ, ಹನಿ ನಾನೇ ಹಾಕಿದೆ. ಮಗು ಚೆನ್ನಾಗಿತ್ತು.

ಆಮೇಲೆ ಬಾಯಲ್ಲಿ ಹಾಲಿನ ಕೆನೆಯಂಥ ಬಿಳಿ ಅಗ್ರ ಕಟ್ಟಿತು. ಎಳೆ ಮಕ್ಕಳಿಗೆ ಅದು ಬರುತ್ತದೆ, ಹೋಗುತ್ತದೆ. ಈ ಮಗುವಿಗೆ ಹೋಗಲಿಲ್ಲ. ಭೇದಿ ಹಿಡಿಯಿತು, ಅದೂ ನಿಲ್ಲಲಿಲ್ಲ. ಬಿಸಿಜಿ ಹಾಕಿದ ಜಾಗ ಒಂದು ಗುಳ್ಳೆಯಾಗಿ ಒಣಗಬೇಕು. ಈ ಮಗುವಿನ ತೋಳಲ್ಲಿ ಅದು ಹುಣ್ಣಾಗಿ ಅಗಲವಾಗುತ್ತ ಹೋಯಿತು, ಎಡಗಂಕುಳಲ್ಲಿ ನಿಂಬೆಕಾಯಿಯಷ್ಟು ಗಂಟು. ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗನಂಥವರು. ಅವರು ಮಗುವಿನ ಅಂಗಿ ಬಿಚ್ಚಿ ನೋಡಿದರು. "ಇದನ್ನ ಇಲ್ಲಿಟ್ಕೊಂಡು ಕೂರೋ ಹಾಗಿಲ್ಲ, ಇವತ್ತೇ ಮೈಸೂರಿಗೆ ಹೋಗಿ" ಅಂದರು. ನಾನೂ ಆಂಬುಲೆನ್ಸಿನಲ್ಲಿ ಹೋದೆ.

ಮೈಸೂರಿನ ಮಕ್ಕಳ ಡಾಕ್ಟರು ಒಬ್ಬ ಹೆಂಗಸು. ಮಗುವನ್ನು ನೋಡಿದ ಮೇಲೆ ಅವರು ಮೊದಲು ಕೇಳಿದ ಪ್ರಶ್ನೆ ನನಗೆ ವಿಚಿತ್ರ ಅನ್ನಿಸಿತು. "ಈ ಮನೆತನದಲ್ಲಿ ಮುಂಚೆ ಎಳೆ ಮಕ್ಕಳು ಹೀಗೆ ಹೋಗಿದಾವಾ?"

ದೊಡ್ಡತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ನಂದೇ ಎರಡು ಕೂಸು ಓಗವೆ ಕಣವ್ವ. ಒಂದು ಗಂಡು, ಒಂದು ಎಣ್ಣು. ಎದೆಹಾಲು ಕುಡಿತಿದ್ದಂಗೇ ಸೊರಗಿ ಓದೊ" ಅಂದರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ಕೆಲವು ಮಕ್ಕಳು ಹುಟ್ಟುವಾಗಲೇ ರೋಗದ ವಿರುದ್ಧ ಹೋರಾಡುವ ರಕ್ತದ ಕಣಗಳಿಲ್ಲದೆ ಹುಟ್ಟುತ್ತವೆ. ತಾಯಿಯ ಬಲದಿಂದ ಮೊದಮೊದಲು ಚೆನ್ನಾಗಿಯೇ ಕಾಣುತ್ತವೆ. ನಾವು ಹಾಕುವ ಕೆಲವು ಲಸಿಕೆಗಳಲ್ಲಿ ಸತ್ತ ರೋಗಾಣು ಇರುತ್ತದೆ, ಅದರಿಂದ ಅಪಾಯವಿಲ್ಲ. ಬಿಸಿಜಿ, ಬಾಯಿಗೆ ಹಾಕುವ ಪೋಲಿಯೋ ಹನಿ, ರೋಟಾ ಹನಿ, ದಡಾರದ ಸೂಜಿ, ಇವುಗಳಲ್ಲಿ ಇರುವುದು ಜೀವ ಇರುವ, ಬಲ ತೆಗೆದ ರೋಗಾಣು. "ಹಲ್ಲು ಕಿತ್ತ ಹಾವು ಅಂದ್ಕೊಳ್ಳಿ ಸಿಸ್ಟರ್. ಬೇರೆ ಮಕ್ಕಳಿಗೆ ಅದರಿಂದ ಏನೂ ಆಗಲ್ಲ. ಈ ಮಗೂಗೆ ಅದೇ ಸಾಕು."

ಮಗು ಉಳಿಯಲಿಲ್ಲ. ರಕ್ತದ ವರದಿ ಬಂದದ್ದು ಮಗುವನ್ನು ಮಣ್ಣು ಮಾಡಿದ ಮೇಲೆ. ಡಾಕ್ಟರ ಅನುಮಾನವೇ ನಿಜವಾಗಿತ್ತು. ಮುಂದಿನ ಮಗು ಹುಟ್ಟಿದರೆ ಪರೀಕ್ಷೆ ಆಗುವವರೆಗೆ ಜೀವಂತ ಲಸಿಕೆ ಯಾವುದನ್ನೂ ಹಾಕಬಾರದು, ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗುವ ಸಂಭವ ಎಂದು ಮಾದೇಶ, ರಾಜಿ ಇಬ್ಬರನ್ನೂ ಕೂರಿಸಿ ಹೇಳಿ ಕಳಿಸಿದರು.

ಇಲ್ಲಿ ಹೊಸಬರಿಗೆ ಒಂದು ಮಾತು. ಸೂಜಿ ಕೈಗೆ ತಗೊಳ್ಳುವ ಮೊದಲು ತಾಯಿಯನ್ನು ಕೇಳಿ: ಈ ಮಗುವಿಗೆ ಮುಂಚೆ ಹುಟ್ಟಿದ ಮಕ್ಕಳು ಚೆನ್ನಾಗಿದ್ದಾವಾ? ಹೋಗಿದ್ದರೆ ಹೇಗೆ ಹೋದವು? ಆ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಬಾಣಂತಿಯ ಮುಂದೆ ಸತ್ತ ಕೂಸಿನ ಮಾತೆತ್ತುವುದು ಯಾರಿಗೂ ಸುಲಭವಲ್ಲ. ಆದರೂ ಕೇಳಿ.

ರಾಜಿ ಮತ್ತೆ ಬಸುರಾದಾಗ ಮೊದಲು ಹೇಳಿದ್ದು ನನಗೆ, ಆಮೇಲೆ ಗಂಡನಿಗೆ. ಖುಷಿಯಿಂದಲ್ಲ. ಅಂಗನವಾಡಿಯ ಗೋಡೆಗೆ ಒರಗಿ ನಿಂತು, "ನರ್ಸಮ್ಮ, ನಿಂತದೆ. ನಂಗ್ ಕೈಕಾಲೇ ಆಡ್ತಿಲ್ಲ" ಅಂದಳು. ಹೆರಿಗೆಗೆ ಕೊಳ್ಳೇಗಾಲಕ್ಕೆ ಜೊತೆಗೇ ಹೋದೆ. ನಮ್ಮ ಡಾಕ್ಟರು ಅಲ್ಲಿಗೆ ಮುಂಚೆಯೇ ತಿಳಿಸಿದ್ದರು. ಆದರೂ ಪಾಳಿ ಬದಲಾಗುತ್ತದೆ, ಬೆಳಗಿನವರು ಹೇಳಿದ್ದು ಸಂಜೆಯವರ ಕಿವಿಗೆ ಬೀಳದೇ ಇರಬಹುದು ಎಂಬ ಭಯ. ಹೆಣ್ಣು ಮಗು. ವಾರ್ಡಿನಲ್ಲಿ ಬಿಳಿ ಟ್ರೇ ಹಿಡಿದು ಯಾರು ಬಂದರೂ ರಾಜಿ ಕೂಸನ್ನು ಸೀರೆಯೊಳಗೆ ಎಳೆದುಕೊಳ್ಳುವಳು. ನಾನು ಮಂಚದ ಪಕ್ಕ ಎದ್ದು ನಿಲ್ಲುತ್ತಿದ್ದೆ. ಯಾವ ಲಸಿಕೆಗಾಗಿ ಜನ್ಮವಿಡೀ ಓಡಾಡಿದೆನೋ ಅದೇ ಬಿಸಿಜಿಯ ಬಾಟಲಿಗೆ ನಾನೇ ಕೈ ಅಡ್ಡ ಹಿಡಿಯುತ್ತಿದ್ದೆ.

ಹುಟ್ಟಿದಾಗ ತೆಗೆದ ರಕ್ತದಲ್ಲಿ ಕಣಗಳು ಸ್ವಲ್ಪ ಕಮ್ಮಿ ಇದ್ದವು. ಸ್ವಲ್ಪವೇ. ಅದರಿಂದ ಹೌದು ಎಂದೂ ಹೇಳುವ ಹಾಗಿಲ್ಲ, ಅಲ್ಲ ಎಂದೂ ಹೇಳುವ ಹಾಗಿಲ್ಲ. ಬೆಂಗಳೂರಿಗೆ ಕಳಿಸಿದ ಮಾದರಿ ದಾರಿಯಲ್ಲೇ ಹೆಪ್ಪುಗಟ್ಟಿ ಕೆಟ್ಟಿತು. ಮಗು ಸ್ವಲ್ಪ ಬಲಿಯಲಿ, ಮತ್ತೆ ತೆಗೆಯೋಣ ಎಂದರು. ಅಲ್ಲಿವರೆಗೆ ಕಾಯಬೇಕು.

ಕಾಯುವುದರಲ್ಲೂ ಎರಡು ಕಡೆಯ ಹೆದರಿಕೆ. ಹಾಕಿದರೆ ಲಸಿಕೆಯದು, ಹಾಕದಿದ್ದರೆ ರೋಗದ್ದು. ಮನೆಯ ಯಜಮಾನರು, ಮಾದೇಶನ ಅಪ್ಪ, ಬೀಡಿ ಸೇದಿ ಕೆಮ್ಮುತ್ತಿದ್ದರು. ಕ್ಷಯ ಇದ್ದರೆ ಬಿಸಿಜಿ ಇಲ್ಲದ ಕೂಸಿನ ಗತಿಯೇನು ಎಂದು ಅವರನ್ನು ಹನೂರಿಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ಆದರೂ ಅವರ ಮಂಚ ಜಗಲಿಗೆ ಬಂತು. ಅದೇ ಮನೆಯಲ್ಲಿ ಮಾದೇಶನ ಅಣ್ಣನ ಮಗಳು ಸಿಂಚನ, ಮೂರು ವರ್ಷದವಳು. ಅವಳಿಗೆ ಪೋಲಿಯೋ ಹನಿ ಹಾಕಿದರೆ ಆ ಜೀವಂತ ರೋಗಾಣು ಅವಳ ಮಲದಲ್ಲಿ ವಾರಗಟ್ಟಲೆ ಹೊರಗೆ ಬರುತ್ತಿರುತ್ತದೆ. ಆ ಕೈಯಲ್ಲಿ ಕೂಸನ್ನು ಮುಟ್ಟಿದರೆ ಹಾಕದ ಹನಿ ಹಾಕಿದ ಹಾಗೇ. ಹಾಗಾಗಿ ಸದ್ಯಕ್ಕೆ ಅವಳಿಗೂ ಹನಿ ಬೇಡ ಎಂದು ಮನೆಯವರಿಗೆಲ್ಲ ಹೇಳಿದ್ದೆ.

ತಾಲ್ಲೂಕಿನ ಆರೋಗ್ಯಾಧಿಕಾರಿ ಸಾಹೇಬರಿಗೂ ಹೇಳಬೇಕಿತ್ತು. ಲಸಿಕೆ ಬಾಕಿ ಉಳಿದ ಮಗು ಎಂದು ಅವರ ಮೊಬೈಲಿನಲ್ಲಿ ಈ ಕೂಸು ಕೆಂಪಗೆ ಕಾಣುತ್ತಿತ್ತು. ಅವರು ಕೋಪಿಷ್ಠರು, ನಾನು ಬೈಗುಳಕ್ಕೆ ತಯಾರಾಗಿ ಹೋದೆ. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು. "ಒಂದು ಮಗು ಬಾಕಿ ಇರೋದಕ್ಕೆ ನಾನು ಹೆದರಲ್ಲಮ್ಮ. ನರ್ಸಮ್ಮನೇ ಬೇಡ ಅಂದ್ರಂತೆ ಅನ್ನೋ ಮಾತು ಊರಿಂದ ಊರಿಗೆ ಹೋಗುತ್ತಲ್ಲ, ಅದಕ್ಕೆ ಹೆದರ್ತೀನಿ. ಹುಷಾರು." ಅವರ ಭಯ ಸುಳ್ಳಾಗಲಿಲ್ಲ.

ಪಲ್ಸ್ ಪೋಲಿಯೋ ಬಂತು. ಭಾನುವಾರ ಬೂತು, ಸೋಮವಾರ ಮನೆ ಮನೆ. ಆ ಬೀದಿಗೆ ಹೋಗಬೇಕಾಗಿದ್ದ ಆಶಾ ಕಾರ್ಯಕರ್ತೆಗೆ ಜ್ವರ ಬಂದು, ಬದಲಿಗೆ ಬೇರೆ ಊರಿನ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕಳಿಸಿದ್ದರು. ನನಗೆ ಗೊತ್ತಾದದ್ದು ಮಾದೇಶ ಫೋನು ಮಾಡಿದಾಗ. "ನರ್ಸಮ್ಮ, ಬೇಗ್ ಬನ್ನಿ. ಹನಿ ಆಕೋರು ಬಾಗಲಲ್ಲವ್ರೆ. ನಾನು ತೋಟದಲ್ಲಿವ್ನಿ." ನಾನು ಎರಡು ಬೀದಿ ಆಚೆ ಇದ್ದೆ. ಆ ವಯಸ್ಸಿನಲ್ಲಿ ನಾನು ಹಾಗೆ ಓಡಿದ್ದನ್ನು ಊರು ನೋಡಿರಲಿಲ್ಲ.

ಬಾಗಿಲಲ್ಲಿ ದೊಡ್ಡತಾಯಮ್ಮ ಎರಡೂ ಕೈ ಚಾಚಿ ನಿಂತಿದ್ದರು. ಹುಡುಗಿಯರು ಪಾಪ, ತಮ್ಮ ಕೆಲಸ ಮಾಡುತ್ತಿದ್ದರು. "ಅಜ್ಜಿ, ಎರಡೇ ಹನಿ. ಏನೂ ಆಗಲ್ಲ. ಮಗು ತನ್ನಿ" ಎನ್ನುತ್ತ ಒಬ್ಬಳು ಅವರ ಕೈ ಕೆಳಗಿಂದ ನುಸುಳಿ ಒಳಗೆ ಕಾಲಿಟ್ಟಾಗಿತ್ತು. ತೊಟ್ಟಿಲ ಹತ್ತಿರ ಬಾಟಲಿಯ ಮುಚ್ಚಳ ತೆಗೆದು ನಿಂತಿದ್ದಳು. ರಾಜಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಸದ್ದು ಕೇಳಿ ಒದ್ದೆ ಕೈಯಲ್ಲೇ ಓಡಿಬಂದು ತೊಟ್ಟಿಲ ಮೇಲೆ ಬಗ್ಗಿಬಿಟ್ಟಿದ್ದಳು.

"ನಿಲ್ಲಮ್ಮ! ಆ ಮನೆಗೆ ಬೇಡ!" ನನ್ನ ಕೂಗು ನನಗೇ ಅಪರಿಚಿತವಾಗಿ ಕೇಳಿತು. ಹುಡುಗಿ ಬೆಚ್ಚಿ ಕೈ ಹಿಂದೆಗೆದಳು.

ಅಷ್ಟರಲ್ಲಿ ಬೀದಿ ತುಂಬಿತ್ತು. ಎದುರುಮನೆಯ ಲಿಂಗಮ್ಮ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹನಿ ಹಾಕಿಸಲು ಬಂದು ನಿಂತಿದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅದ್ಯಾಕ ನರ್ಸಮ್ಮ? ನಮ್ ಮಕ್ಕಳಿಗಾದ್ರೆ ಬಾಯಿ ಕಿಸ್ದು ಆಕ್ತೀರಿ, ಅವರ್ ಮನೆ ಕೂಸಿಗೆ ಬ್ಯಾಡ್ವಾ? ಏನದೆ ಅದ್ರಲ್ಲಿ?"

ನಾನು ರಾಜಿಯ ಮುಖ ನೋಡಿದೆ. ಮನೆಯ ಗುಟ್ಟನ್ನು ಬೀದಿಯಲ್ಲಿ ಹೇಳುವ ಹಕ್ಕು ನನಗಿರಲಿಲ್ಲ. ಅವಳು ತೊಟ್ಟಿಲು ಬಿಡದೆ, "ಏಳಿ ನರ್ಸಮ್ಮ, ಎಲ್ಲಾರ್ಗೂ ಗೊತ್ತಾಗ್ಲಿ" ಅಂದಳು. ಹೇಳಿದೆ. ಈ ಮನೆಯ ಮಗುವಿಗೆ ರೋಗ ತಡೆಯುವ ಶಕ್ತಿ ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ, ಗೊತ್ತಾಗುವವರೆಗೆ ಹನಿ ಹಾಕುವಂತಿಲ್ಲ ಎಂದೆ.

ಲಿಂಗಮ್ಮ ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. "ನಮ್ ಕೂಸಿಗೆ ಅಂಗಿಲ್ಲ ಅಂತ ನಿಮ್ಗೆಂಗೆ ಗೊತ್ತು?"

ಪೂರ್ತಿ ಗೊತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತಿತ್ತು. "ಇದು ತೀರಾ ಅಪರೂಪ ಕಣಮ್ಮಿ. ನಿನ್ನ ಮೊಮ್ಮಗ ಉಂಡುಟ್ಟು ಗುಂಡಗಿದಾನೆ, ಅವನ ಬಿಸಿಜಿ ಗಾಯ ಒಣಗಿದೆ. ನಿಮ್ಮ ಮನೇಲಿ ಎಳೆಗೂಸು ಯಾವುದೂ ಹೀಗೆ ಹೋಗಿಲ್ಲ" ಅಂದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ಹಿಂದಿನಿಂದ ಯಾರೋ, "ಮೊದ್ಲು ಮಗ ಓಗಿದ್ದೂ ಸೂಜಿಯಿಂದ್ಲೇ ಅಂತೆ" ಅಂದರು. ಜನ ಒಬ್ಬೊಬ್ಬರೇ ಮಕ್ಕಳ ಕೈ ಹಿಡಿದು ತಿರುಗತೊಡಗಿದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ನನ್ನ ಓಡಾಟ ಆ ಬೀದಿಯಿಂದ ಎದ್ದು ಹೋಗುತ್ತಿರುವ ಹಾಗೆ ಅನ್ನಿಸಿತು.

ಆಗ ದೊಡ್ಡತಾಯಮ್ಮ ಜಗಲಿಯಿಂದ ಇಳಿದು ಬಂದರು. ಮೊಮ್ಮಗ ಸತ್ತಾಗ ಸೂಜಿಯನ್ನೂ ನನ್ನನ್ನೂ ಸೇರಿಸಿ ಶಪಿಸಿದ್ದವರು ಅವರೇ.

"ಯಾರ್ಲಾ ಅದು ಸೂಜಿ ಅಂದೋರು? ನನ್ ಎರಡು ಕೂಸೂ ಸತ್ತೋದೊ. ಆಗ ಯಾವ್ ಸೂಜಿ ಇತ್ತು ಈ ಊರಲ್ಲಿ? ಯಾವ್ ನರ್ಸಮ್ಮ ಇದ್ದಳು? ಬಾಯ್ಗೆ ಒಂದು ಹನಿ ಬಿದ್ದಿರ್ಲಿಲ್ಲ, ಸತ್ತೋದೊ. ಅದು ನಮ್ ರಕ್ತದಲ್ಲೇ ಬಂದಿರದು. ನಿಮ್ ಮಕ್ಕಳಿಗೆ ಆಕುಸ್ಕಳಿ, ಓಗಿ." ಅಷ್ಟು ಹೇಳಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. ಅಷ್ಟು ವರ್ಷ ಅವರು ಆ ಎರಡು ಕೂಸುಗಳ ಸಾವನ್ನು ಎಲ್ಲಿಟ್ಟುಕೊಂಡಿದ್ದರೋ!

ಲಿಂಗಮ್ಮ ಮುಂದೆ ಬಂದು, ಮೊಮ್ಮಗನ ಗಲ್ಲ ಹಿಡಿದು ಹುಡುಗಿಯ ಮುಂದೆ ಬಾಯಿ ತೆರೆಸಿದಳು. ಅವಳನ್ನು ನೋಡಿ ಕೆಲವರು ಬಂದರು. ಎಲ್ಲರೂ ಬರಲಿಲ್ಲ. ಎರಡು ಮನೆಯವರು ಬಾಗಿಲು ಹಾಕಿಕೊಂಡರು. ಆ ಬಾಗಿಲು ತೆರೆಸಲು ನಾನು ಆಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಯಿತು.

ಎಲ್ಲ ಮುಗಿಯಿತು ಎಂದು ಜಗಲಿಯ ಮೇಲೆ ಕೂತು ನೀರು ಕೇಳಿದೆ. ಒಳಗಿಂದ ಸಿಂಚನ ಲೋಟ ಹಿಡಿದು ಬಂದಳು. ಅವಳ ಎಡಗೈ ಕಿರುಬೆರಳಿನ ಉಗುರ ಮೇಲೆ ನೇರಳೆ ಮಸಿ ಇತ್ತು. ಹನಿ ಹಾಕಿದ ಮಕ್ಕಳಿಗೆ ಇಡುವ ಗುರುತು.

"ಇದ್ಯಾವಾಗ ಪುಟ್ಟಿ?"

"ನಿನ್ನೆ ಅಂಗನವಾಡೀಲಿ. ಪಾಪುಗೂ ತೋರುಸ್ದೆ. ಪಾಪು ನನ್ ಬೆರಳ ಚೀಪ್ತು!"

ನಾನು ಲೋಟವನ್ನು ಕೆಳಗಿಟ್ಟೆ. ಭಾನುವಾರ ಆಟವಾಡಲು ಹೋದ ಮಗು ಉಳಿದವರ ಸಾಲಿನಲ್ಲಿ ನಿಂತು ಬಾಯಿ ತೆರೆದಿದೆ, ಅಷ್ಟೇ. ಯಾರನ್ನು ಬೈಯುವುದು? ರಾಜಿ ಬಾಗಿಲಲ್ಲಿ ನಿಂತಿದ್ದವಳು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಕೂಸಿನ ಬಾಯಿಗೆ ಬೆರಳು ಹಾಕಿ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು, ಕೂಸು ಕಿರುಚಿ ಅಳುವವರೆಗೆ ಒರೆಸಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ನಮ್ಮ ಡಾಕ್ಟರು ಮೈಸೂರಿನವರಿಗೆ ಫೋನು ಮಾಡಿ ಕೇಳಿದರು. ಎರಡು ಮಕ್ಕಳನ್ನೂ ಬೇರೆ ಮಾಡಿ, ಕೈಗೆ ಸೋಪು ಹಾಕಿ ತೊಳೆಯದೆ ಯಾರೂ ಕೂಸನ್ನು ಮುಟ್ಟಬೇಡಿ, ರಕ್ತ ಈಗಲೇ ತೆಗೆಯಿರಿ ಎಂದರು. ರಾಜಿ ಕೂಸಿನೊಂದಿಗೆ ಮಾರ್ಟಳ್ಳಿಯಲ್ಲಿದ್ದ ತವರಿಗೆ ಹೋದಳು. ಅಲ್ಲಿ ಚಿಕ್ಕ ಮಕ್ಕಳಿರಲಿಲ್ಲ. ಈ ಸಲ ರಕ್ತದ ಮಾದರಿಯನ್ನು ಮಾದೇಶನೇ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಒಯ್ದು ಕೊಟ್ಟು ಬಂದ.

ಮಾರನೇ ದಿನವೇ ಕೂಸಿಗೆ ಭೇದಿ ಶುರುವಾಯಿತು.

ಮಾರ್ಟಳ್ಳಿಗೆ ನಾನು ಹೋದಾಗ ರಾಜಿ ಕೂಸಿನ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. "ಅವ್ನಿಗೂ ಇಂಗೇ ಶುರುವಾಗಿದ್ದು ನರ್ಸಮ್ಮ. ಇದೇ ಬಣ್ಣ" ಅಂದಳು. ಅವಳ ತಾಯಿ ದೇವರ ಮುಂದೆ ಕೂತಿದ್ದರು. ನಾನು ಕೂಸಿನ ಬಾಯಿ ನೋಡಿದೆ, ಬಿಳಿ ಇರಲಿಲ್ಲ. ಎದೆಗೆ ಕಿವಿ ಕೊಟ್ಟೆ. ಮೈಯಲ್ಲಿ ನೀರು ಕಮ್ಮಿಯಾಗಿದೆಯೇ ಎಂದು ಹೊಟ್ಟೆಯ ಚರ್ಮ ಎಳೆದು ಬಿಟ್ಟು ನೋಡಿದೆ. ಎಲ್ಲ ಸರಿಯಿದೆ ಎಂದು ಕಣ್ಣು ಹೇಳಿದರೂ ಮನಸ್ಸು ಒಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನ ಫೋನಿನಲ್ಲಿ ಮಾದೇಶನ ಹೆಸರು ಕಂಡರೆ ಎತ್ತಲು ಬೆರಳು ಬರುತ್ತಿರಲಿಲ್ಲ.

ಭೇದಿ ತಾನಾಗಿ ನಿಂತಿತು. ಅದು ಎಲ್ಲ ಕೂಸುಗಳಿಗೂ ಬರುವಂಥ ಭೇದಿ. ಆಮೇಲೆ ವರದಿಯೂ ಬಂತು. ಮೈಸೂರಿನ ಡಾಕ್ಟರು ನೇರವಾಗಿ ನನಗೇ ಫೋನು ಮಾಡಿ, "ಸಿಸ್ಟರ್, ಕಣಗಳೆಲ್ಲ ಇದಾವೆ, ಕೆಲಸವೂ ಮಾಡ್ತಿದಾವೆ. ಈ ಮಗುವಿಗೆ ಆ ಕಾಯಿಲೆ ಇಲ್ಲ. ಇನ್ನು ತಡ ಮಾಡದೆ ಬಿಸಿಜಿ ಹಾಕಿ" ಅಂದರು.

ಖುಷಿಯಿಂದ ಓಡಿದೆ. ರಾಜಿ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಇಲ್ಲ. ಆಕ್ಸಲ್ಲ. ಇಷ್ಟು ದಿನ ಬ್ಯಾಡ ಬ್ಯಾಡ ಅಂತ ಕಾದ್ರಿ. ಈಗ ನೀವೇ ಚುಚ್ಚಕ್ಕೆ ಬಂದಿದ್ದೀರಿ. ಕಾಗದದಲ್ಲಿ ತಪ್ಪಿದ್ರೆ?"

ಅದೇ ಭಯ ನನ್ನೊಳಗೂ ಇತ್ತು. ಡಾಕ್ಟರು ಬಂದು ಹೇಳಿದರು, ಮಾದೇಶ ಹೇಳಿದ. ದಿನಗಳು ಹೋದವು. ಕೊನೆಗೊಂದು ಬೆಳಿಗ್ಗೆ ಅವಳೇ ಉಪಕೇಂದ್ರಕ್ಕೆ ಬಂದು, "ನೀವೇ ಆಕಿ. ಬೇರೆ ಯಾರೂ ಬ್ಯಾಡ" ಎಂದು ಕೂಸಿನ ಎಡತೋಳು ಬಿಚ್ಚಿದಳು.

ಕಣ್ಣು ಮುಚ್ಚಿಕೊಂಡೂ ಬಿಸಿಜಿ ಹಾಕಬಲ್ಲೆ ಎಂದುಕೊಂಡಿದ್ದವಳು ನಾನು. ಆ ದಿನ ಬಾಟಲಿಯ ಮೇಲಿನ ಹೆಸರು, ತಾರೀಖನ್ನು ಮೂರು ಸಲ ಓದಿಯೇ ಸೂಜಿ ಚುಚ್ಚಿದೆ. ಚರ್ಮದಡಿ ಬಿಳಿ ಬೊಕ್ಕೆ ಎದ್ದಿತು. ಕೂಸು ಅತ್ತಿತು. "ಇವತ್ತು ಸಂಜೆವರ್ಗೂ ಇಲ್ಲೇ ಕೂತಿರ್ಲಾ?" ಎಂದಳು ರಾಜಿ. ಏನಾದರೂ ಆಗುವುದಿದ್ದರೆ ಅದು ಸಂಜೆಯೊಳಗೆ ಆಗುವುದಲ್ಲ, ತಿಂಗಳುಗಳು ಬೇಕು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಕೂತೆವು. ಆಮೇಲೆ ವಾರಕ್ಕೊಮ್ಮೆ ಏನಾದರೂ ನೆಪ ಹೂಡಿ ಆ ಬೀದಿಗೆ ಹೋಗುತ್ತಿದ್ದೆ. ರಾಜಿ ಏನೂ ಕೇಳದೆ ಕೂಸಿನ ತೋಳು ತೋರಿಸುತ್ತಿದ್ದಳು. ಗುಳ್ಳೆ ಬಂತು, ಹಣ್ಣಾಯಿತು, ಒಣಗಿತು. ಮಗು ಈಗ ಅಂಗನವಾಡಿಯಲ್ಲಿ ಎಲ್ಲರ ಜೊತೆ ಮಣ್ಣಾಡುತ್ತಾಳೆ.

ನಾನು ನಿವೃತ್ತಳಾಗಿ ಯಳಂದೂರಿಗೆ ಬಂದೆ. ಮೊನ್ನೆ ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತಿದ್ದಾಗ ಫೋನು ಬಂತು. ರಾಜಿ.

"ನರ್ಸಮ್ಮ, ಮತ್ತೆ ನಿಂತದೆ."

ನಾಲ್ಕರಲ್ಲಿ ಒಂದು. ಮೊದಲ ಮಗು ಹೋಗಿದೆ, ಎರಡನೆಯದು ಉಳಿದಿದೆ ಎಂದು ಮೂರನೆಯದಕ್ಕೆ ಲೆಕ್ಕ ಬದಲಾಗುವುದಿಲ್ಲ. ಈಗ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಬಹುದು, ಕಾಯಿಲೆ ಇದ್ದರೂ ಬೇಗ ಗೊತ್ತಾದರೆ ಮೂಳೆಯ ಮಜ್ಜೆ ಬದಲಿಸಿ ಉಳಿಸಿಕೊಳ್ಳಬಹುದು ಎಂದು ಮೈಸೂರಿನ ಡಾಕ್ಟರು ಆಗಲೇ ಹೇಳಿದ್ದರು. ಅದನ್ನೇ ಅವಳಿಗೆ ಹೇಳಿದೆ.

ಆಮೇಲೆ ನನ್ನ ಜಾಗಕ್ಕೆ ಬಂದಿರುವ ಹುಡುಗಿಗೆ ಫೋನು ಮಾಡಿ, ಮೊದಲಿನಿಂದ ಎಲ್ಲ ಹೇಳಿದೆ.

"ಮೇಡಂ, ನಂಗೆ ಭಯ ಆಗ್ತಿದೆ," ಅಂದಳು.

"ಆಗಲಿ ಬಿಡು. ನಂಗೂ ಆಗ್ತಿದೆ. ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ. ಇಬ್ಬರೂ ಸೇರಿ ಅವಳ ಮನೆಗೆ ಹೋಗೋಣ."